ಸುರಂಗದ ಬಾಯಲ್ಲಿ ಕೂತವಳು

ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಬರುತ್ತೇನೆಂದು ನನ್ನ ನಾದಿನಿ ಫೋನು ಮಾಡಿದಳು. ಬೆಳ್ಳಿಯ ನಾಣ್ಯ ಬಂದಿದೆಯಂತೆ, ಅದರಲ್ಲಿ ಕೂತಿರುವ ಹೆಂಗಸನ್ನು ನೋಡಬೇಕು, ಅಕ್ಕ ಅಷ್ಟು ಹೇಳಿದ್ದಳು, ಎಂದಳು. ನಾನು “ಬಾಮ್ಮ” ಎಂದೆ. ಫೋನು ಇಟ್ಟ ಮೇಲೂ ಮೇಜಿನ ಪಕ್ಕದಿಂದ ಕದಲಲಾಗಲಿಲ್ಲ.

ನಾಣ್ಯದಲ್ಲಿ ಹೆಂಗಸು ಇಲ್ಲ. ಇಲ್ಲದಂತೆ ಮಾಡಿದವನು ನಾನೇ. ಆ ಹೆಂಗಸು ಅಲ್ಲಿದ್ದಾಳೆಂದೇ ನಂಬಿ ನನ್ನ ಹೆಂಡತಿ ನಾಲ್ಕು ತಿಂಗಳ ಹಿಂದೆ ಕಣ್ಣು ಮುಚ್ಚಿದಳು.

ದೇವರ ಮುಂದೆ ಇದನ್ನು ಅನೇಕ ಸಲ ಹೇಳಿಕೊಂಡಿದ್ದೇನೆ. ಆದರೆ ದೇವರಿಗೆ ಹೇಳುವುದು ಅಷ್ಟು ಕಷ್ಟವಲ್ಲ. ಅವನಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದ ಮನುಷ್ಯರ ಮುಖ ನೋಡಿ ಹೇಳುವ ಧೈರ್ಯ ನನಗೆ ಬಂದಿರಲಿಲ್ಲ. ಇನ್ನು ನಾದಿನಿ ಬಂದು ಕೇಳಿದರೆ ಏನು ಹೇಳಬೇಕು ಎಂಬ ಒಂದೇ ಯೋಚನೆಯಲ್ಲಿ ಗುರುವಾರದವರೆಗಿನ ಎರಡು ದಿನ ಕಳೆದವು.

ನಾನು ಟಂಕಸಾಲೆಯಲ್ಲಿ ಮೂವತ್ತೆಂಟು ವರ್ಷ ನಾಣ್ಯದ ಅಚ್ಚು ಕೆತ್ತಿದವನು. ನಿವೃತ್ತಿಗೆ ಕೆಲವು ತಿಂಗಳು ಉಳಿದಿದ್ದಾಗ ಕೈಗೆ ಬಂದ ಕೊನೆಯ ಕೆಲಸವೇ ಈ ನಾಣ್ಯ. ಎಂಟುನೂರು ವರ್ಷಗಳ ಹಿಂದೆ ನಮ್ಮ ಊರಿನ ಹತ್ತಿರದ ಗುಡ್ಡವನ್ನು ಕೊರೆದು ಬೆಳ್ಳಿಯ ಅದಿರು ತೆಗೆಯಲು ತೊಡಗಿದ ಗಣಿಯವರ ನೆನಪಿಗೆ ಅದನ್ನು ತರಬೇಕೆಂದು ತೀರ್ಮಾನವಾಗಿತ್ತು. ಅದಕ್ಕೆಂದು ನೇಮಿಸಿದ ಸಮಿತಿಯವರು ಕಳಿಸಿದ ಚಿತ್ರದಲ್ಲಿ ಒಂದು ಸುರಂಗದ ಬಾಯಿ, ಅದರ ಮುಂದೆ ಇಬ್ಬರು ಗಂಡಸರು. ಒಬ್ಬನ ಹೆಗಲ ಮೇಲೆ ಸುತ್ತಿಗೆ, ಇನ್ನೊಬ್ಬನ ಕೈಯಲ್ಲಿ ಎಣ್ಣೆಯ ದೀಪ. ಸುತ್ತಲೂ ಅಕ್ಷರಗಳು.

ಚಿತ್ರದ ಒಂದು ಪ್ರತಿಯನ್ನು ಮನೆಗೆ ತಂದು ಹೆಂಡತಿಗೆ ತೋರಿಸಿದೆ. ತೋರಿಸಲು ಕಾರಣವಿತ್ತು. ಅವಳ ತಾಯಿಯ ಕಡೆಯವರು ಆ ಗುಡ್ಡದವರು. ಗಣಿ ಪೂರ್ತಿ ಮುಚ್ಚಿದ್ದು ಅವಳ ಅಜ್ಜಿಯ ಕಾಲದಲ್ಲಿ. ಒಳಗೆ ಗಂಡಸರು ಕಲ್ಲು ಕಡಿದು ಹೊರಗೆ ತಂದು ಸುರಿದರೆ, ಸುರಂಗದ ಬಾಯಲ್ಲಿ ಸಾಲಾಗಿ ಕೂತ ಹೆಂಗಸರು ಅದನ್ನು ಚಿಕ್ಕ ಸುತ್ತಿಗೆಯಿಂದ ಒಡೆದು, ಅದಿರು ಬೇರೆ, ಬರೀ ಕಲ್ಲು ಬೇರೆ ಮಾಡುತ್ತಿದ್ದರು. ಗುರುತು ಹಿಡಿಯುವುದಕ್ಕೆ ಅವರದೊಂದು ರೀತಿಯಿತ್ತು. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಕಲ್ಲನ್ನು ಉಜ್ಜುವುದು. ಧೂಳು ಹೋಗಿ ಕಲ್ಲಿನೊಳಗಿನ ಅದಿರಿನ ಎಳೆ ಬೆರಳಿಗೆ ಸಿಗುತ್ತದೆ. ಕಣ್ಣಿಗಿಂತ ಹೆಬ್ಬೆರಳನ್ನು ನಂಬು ಎಂದು ಅಜ್ಜಿ ಹೇಳುತ್ತಿದ್ದಳಂತೆ.

ಗಣಿ ಹೋದರೂ ಆ ಅಭ್ಯಾಸ ಮನೆತನದಲ್ಲಿ ಉಳಿದಿತ್ತು. ನನ್ನ ಹೆಂಡತಿ ಬಟ್ಟೆ ಕೊಳ್ಳುವಾಗ, ತಟ್ಟೆ ತೊಳೆದ ಮೇಲೆ, ಹೊಸ ಬಾಗಿಲಿಗೆ ಬಣ್ಣ ಬಳಿದವನ ಎದುರಿಗೇ, ಹೆಬ್ಬೆರಳು ಒದ್ದೆ ಮಾಡಿ ಉಜ್ಜಿ ನೋಡುತ್ತಿದ್ದಳು. ಮದುವೆಯ ಮಾತಾಡಲು ಅವರ ಮನೆಗೆ ಹೋಗಿದ್ದ ದಿನ ನಾನು ಕಳಚಿಟ್ಟ ಕೈಗಡಿಯಾರವನ್ನು ಹಾಗೆಯೇ ಉಜ್ಜಿ, “ಮೇಲಿನ ಲೇಪ ಅಷ್ಟೆ” ಎಂದು ತಂಗಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು.

ಅವಳು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಸರಿ. ಕಲ್ಲು ಹೊರಗೆ ಬಂತು. ಆಮೇಲೆ?”

“ಆಮೇಲೆ ಏನು?”

“ತಾನೇ ಎದ್ದು ನಡಕೊಂಡು ಕುಲುಮೆಗೆ ಹೋಯ್ತಾ? ಒಡೆದೋರು ಯಾರು, ಆರಿಸಿದೋರು ಯಾರು?”

“ಚಿತ್ರ ಸಮಿತಿಯವರದು ಕಣೆ. ನಾನು ಕೆತ್ತೋನು.”

“ಕೆತ್ತೋರಿಗೆ ಕಣ್ಣಿರಬಾರದು ಅಂತ ಏನಾದ್ರೂ ಕಾನೂನು ಇದೆಯಾ? ಒಬ್ಬಳನ್ನ ಕೂರಿಸ್ರೀ. ಒಂದು ಮೂಲೇಲಿ. ನಲವತ್ತೊಂದು ವರ್ಷದಲ್ಲಿ ನಾನು ನಿಮ್ಮನ್ನ ಏನಾದ್ರೂ ಕೇಳಿದೀನಾ?”

“ಕೇಳಿದೀಯ. ಮೊನ್ನೆ ತಾನೆ ಕೊಡೆ ಕೇಳಿದೆ.”

“ಕೊಡೆ ಲೆಕ್ಕಕ್ಕಿಲ್ಲ. ಅದನ್ನ ನೀವು ಇನ್ನೂ ತಂದಿಲ್ಲ.”

ನಾನು ನಕ್ಕೆ. ಆದರೆ ಅವಳು ನಗಲಿಲ್ಲ. ಕೇಳಿದ್ದು ತಮಾಷೆಗಲ್ಲ ಎಂದು ಆಗ ಗೊತ್ತಾಯಿತು.

ಆ ವಾರದ ರಜೆಯ ದಿನ ಅವಳನ್ನು ಅಡಿಗೆಮನೆಯ ಹೊಸ್ತಿಲಲ್ಲಿ ಕೂರಿಸಿ, ಕೈಗೆ ಮೊಳೆ ಹೊಡೆಯುವ ಸುತ್ತಿಗೆ ಕೊಟ್ಟು, ಕಾಗದದ ಮೇಲೆ ಬರೆದುಕೊಂಡೆ. ಒಂದು ಮೊಣಕಾಲು ಮೇಲೆ, ಒಂದು ಮಡಚಿ, ತಲೆ ಸ್ವಲ್ಪ ಬಗ್ಗಿಸಿ. ಅವಳ ಅಜ್ಜಿ ಹಾಗೆ ಕೂರುತ್ತಿದ್ದಳಂತೆ.

“ಸ್ವಲ್ಪ ತೆಳ್ಳಗೆ ಮಾಡ್ರಿ,” ಎಂದಳು.

“ನಾಣ್ಯದಲ್ಲಿ ಅಕ್ಕಿಕಾಳಿನಷ್ಟು ಇರ್ತೀಯ. ಇನ್ನೆಷ್ಟು ತೆಳ್ಳಗೆ ಮಾಡ್ಲಿ?”

“ಅಕ್ಕಿಯಲ್ಲೂ ದಪ್ಪ ಅಕ್ಕಿ, ಸಣ್ಣ ಅಕ್ಕಿ ಇಲ್ವಾ?”

ನಮ್ಮ ಕೆಲಸ ನಡೆಯುವ ಬಗೆ ಹೀಗೆ. ನಾಣ್ಯವನ್ನು ನಾಣ್ಯದ ಅಳತೆಯಲ್ಲೇ ಮೊದಲು ಕೆತ್ತುವುದಿಲ್ಲ. ಊಟದ ತಟ್ಟೆಯಷ್ಟು ಅಗಲದ ಪ್ಲಾಸ್ಟರ್ ಬಿಲ್ಲೆಯ ಮೇಲೆ ಎಲ್ಲವನ್ನೂ ದೊಡ್ಡದಾಗಿ ಮಾಡುತ್ತೇವೆ. ಅದು ಒಪ್ಪಿಗೆಯಾದರೆ ಯಂತ್ರಕ್ಕೆ ಹೋಗುತ್ತದೆ. ಯಂತ್ರದ ಒಂದು ತುದಿಯ ಮುಳ್ಳು ಬಿಲ್ಲೆಯ ಮೇಲೆ ನಿಧಾನವಾಗಿ ಸುತ್ತು ಬರುತ್ತದೆ. ಇನ್ನೊಂದು ತುದಿಯ ಉಳಿ ಅದೇ ಏರಿಳಿತವನ್ನು ಉಕ್ಕಿನ ಮೇಲೆ ಚಿಕ್ಕದಾಗಿ ಕೊರೆಯುತ್ತದೆ. ಆ ಉಕ್ಕಿಗೆ ತಾಯಿಯಚ್ಚು ಎನ್ನುತ್ತೇವೆ. ಅದನ್ನು ಒತ್ತಿ ಮಾಡಿದ ಅಚ್ಚುಗಳಿಂದ ನಾಣ್ಯ ಮೂಡುತ್ತದೆ.

ನಾನು ಬಿಲ್ಲೆಯ ಮೇಲೆ ಸುರಂಗದ ಎಡಕ್ಕೆ ಅವಳನ್ನು ಕೂರಿಸಿದೆ. ಹೆಬ್ಬೆರಳಿನಷ್ಟು ಎತ್ತರ. ಮೂವತ್ತೆಂಟು ವರ್ಷಗಳಲ್ಲಿ ನನ್ನ ಕೈಯಿಂದ ಅಷ್ಟು ಚೆನ್ನಾದ ಆಕೃತಿ ಬಂದದ್ದು ನೆನಪಿಲ್ಲ. ಅಲ್ಲಿ ಜಾಗ ಖಾಲಿಯಿತ್ತು. ಅವಳು ಕೂತ ಮೇಲೆ ಚಿತ್ರವೇ ಸರಿಹೋದ ಹಾಗೆ ಕಂಡಿತು.

ಬಿಲ್ಲೆಯನ್ನು ಮೇಲಧಿಕಾರಿಗೆ ತೋರಿಸುವ ಹಿಂದಿನ ದಿನ ಸಂಜೆ ನಾನು ಚಾಕು ತೆಗೆದುಕೊಂಡು ಅವಳನ್ನು ಹೆರೆದು ತೆಗೆದೆ.

ಯಾರೂ ಹೇಳಿರಲಿಲ್ಲ. ಯಾರೂ ನೋಡಿಯೂ ಇರಲಿಲ್ಲ. ನಮ್ಮ ಮೇಲಧಿಕಾರಿಯನ್ನು ಎಲ್ಲರೂ ಹಿಂದಿನಿಂದ ‘ಅಳತೆಪಟ್ಟಿ’ ಎಂದು ಕರೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಉಕ್ಕಿನ ಪಟ್ಟಿ ಇರುತ್ತಿತ್ತು. ಒಪ್ಪಿದ ಚಿತ್ರಕ್ಕೂ ಬಿಲ್ಲೆಗೂ ಕೂದಲೆಳೆಯ ವ್ಯತ್ಯಾಸವಿದ್ದರೆ ವಾಪಸು ಕಳಿಸುವವರು. ಅಷ್ಟು ವರ್ಷಗಳಲ್ಲಿ ನನ್ನ ಒಂದು ಬಿಲ್ಲೆಯೂ ವಾಪಸು ಬಂದಿರಲಿಲ್ಲ. ಹೊಸಬರಿಗೆ ಪಾಠ ಹೇಳುವಾಗ ಆ ಮಾತನ್ನು ನಾನೇ ಎಷ್ಟೋ ಸಲ ಎತ್ತಿ ಹೇಳಿದ್ದೆ. ನಿವೃತ್ತಿಯಾಗಿ ಮನೆಗೆ ಹೋಗುವ ಹೊತ್ತಿನಲ್ಲಿ ಆ ಹೆಸರು ಕಳೆದುಕೊಳ್ಳಬೇಕೇ ಎನಿಸಿತು. ಅದಕ್ಕೆ ಭಯ ಎಂದು ಹೆಸರಿಟ್ಟು ಆಮೇಲೆ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಭಯವಲ್ಲ, ಬಿಂಕ.

ಹೆರೆದ ಗುಳಿಗೆ ಹೊಸ ಪ್ಲಾಸ್ಟರ್ ತುಂಬಿ, ಒಣಗಿದ ಮೇಲೆ ನಯ ಮಾಡಿದೆ. ಬೆಳಗ್ಗೆ ನೋಡಿದರೆ ಅಲ್ಲೊಬ್ಬಳು ಇದ್ದಳೆಂದು ಯಾರೂ ಹೇಳುವಂತಿರಲಿಲ್ಲ.

ಅಳತೆಪಟ್ಟಿ ಸಾಹೇಬರು ಬಿಲ್ಲೆಯ ಸುತ್ತ ಎರಡು ಸುತ್ತು ಬಂದು ತಲೆಯಾಡಿಸಿದರು. ಸಮಿತಿಯಿಂದ ಇತಿಹಾಸ ಕಲಿಸುವ ಒಬ್ಬ ಹೆಂಗಸೂ ಬಂದಿದ್ದರು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, “ತುಂಬಾ ಚೆನ್ನಾಗಿದೆ. ನಮ್ಮ ಚಿತ್ರದಲ್ಲೇ ಒಂದು ತಪ್ಪಾಗಿದೆ. ಅದಿರು ಒಡೆಯೋ ಹೆಂಗಸರನ್ನ ನಾವು ಮರೆತುಬಿಟ್ವಿ. ಈ ಎಡಗಡೆ ಒಬ್ಬಳು ಇದ್ದಿದ್ರೆ...” ಎಂದರು.

ಸಾಹೇಬರು ನನ್ನ ಕಡೆ ತಿರುಗಿದರು. “ಆಗುತ್ತಾ ಮೇಷ್ಟ್ರೇ? ಬೇಕಾದ್ರೆ ಒಂದು ವಾರ ತಗೊಳ್ಳಿ.”

ಒಂದು ವಾರವಂತೆ. ಹಿಂದಿನ ಸಂಜೆಯವರೆಗೆ ಅವಳು ಅಲ್ಲೇ ಕೂತಿದ್ದಳು. ಇದ್ದಳು ಸಾರ್, ನಾನೇ ತೆಗೆದೆ ಎಂದರೆ ಮುಗಿಯುತ್ತಿತ್ತು. ಅದನ್ನು ಹೇಳಲಾರದೆ, “ಜಾಗ ಸಾಲದು ಸಾರ್” ಎಂದೆ.

“ಮೇಷ್ಟ್ರು ಸಾಲದು ಅಂದ್ರೆ ಸಾಲದು,” ಎಂದು ಸಾಹೇಬರು ಸಹಿ ಹಾಕಿದರು. ಅವರು ಪಟ್ಟಿಯನ್ನು ಜೇಬಿನಿಂದ ತೆಗೆಯಲೂ ಇಲ್ಲ. ಅಷ್ಟು ನಂಬಿಕೆ.

ಮನೆಗೆ ಬಂದಾಗ ಹೆಂಡತಿ ಕಾಲು ಚಾಚಿಕೊಂಡು ಮಂಚದ ಮೇಲೆ ಕೂತಿದ್ದಳು. ಆ ದಿನಗಳಲ್ಲಿ ಅವಳ ಕಾಲು ಊದಲು ತೊಡಗಿತ್ತು. ಮೂತ್ರಪಿಂಡದ ದೋಷವೆಂದು ಡಾಕ್ಟರು ಹೇಳಿದ್ದರು.

“ಒಪ್ಪಿದ್ರಾ?”

“ಒಪ್ಪಿದ್ರು.”

“ನೋಡಿ, ನೀವು ಸುಮ್ಮನೆ ಹೆದರ್ತಿದ್ರಿ.”

ಆಗಲೇ ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಅವಳಿಗೆ ಉಸಿರಾಟದ ತೊಂದರೆಯಾಯಿತು, ಆಸ್ಪತ್ರೆ, ಮತ್ತೆ ಮನೆ. ಹೀಗೆ ಮೂರು ವಾರ ಹೋದವು. ಮಲಗಿದ್ದಲ್ಲಿಂದಲೇ ದಿನವೂ ಕೇಳುತ್ತಿದ್ದಳು, ನಾಣ್ಯ ಯಾವಾಗ, ನಾಣ್ಯ ಯಾವಾಗ ಎಂದು.

ತಾಯಿಯಚ್ಚು ತಯಾರಾಗಿ ಅದರಿಂದ ಮೊದಲ ಅಚ್ಚು ಒತ್ತಿದ ದಿನ, ಸಾಹೇಬರ ಚೀಟಿ ಪಡೆದು, ಆ ಅಚ್ಚಿಗೆ ಕೆಂಪು ಅರಗು ಒತ್ತಿ ಒಂದು ಮಾದರಿ ತೆಗೆದುಕೊಂಡೆ. ಅದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಹೊರಟಾಗ ಗೇಟಿನ ಕಾವಲುಗಾರ ಮುಚ್ಚಳ ತೆಗೆಸಿ ನೋಡಿದ.

“ಏನ್ ಮೇಷ್ಟ್ರೇ, ಮಧ್ಯಾಹ್ನ ಊಟ ಪೂರ್ತಿ ಮಾಡಿಲ್ವಾ?”

“ಅರಗಪ್ಪ. ಚೀಟಿ ಇದೆ.”

“ಅರಗು ಅರಗಿಸ್ಕೊಳ್ಳೋ ವಯಸ್ಸಲ್ಲ ನಿಮ್ದು. ಹುಷಾರು,” ಎಂದು ಬಿಟ್ಟ.

ಆ ಅರಗನ್ನು ಅವಳ ಕೈಗೆ ಕೊಟ್ಟು, ನೋಡು, ಅವಳನ್ನು ಕೂರಿಸಲು ಆಗಲಿಲ್ಲ, ತಪ್ಪು ನನ್ನದು ಎಂದು ಹೇಳಬೇಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಮಂಚದ ಪಕ್ಕ ಕೂತೆ. ಅವಳು ಅರಗನ್ನು ತೆಗೆದುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ, ನಿಧಾನವಾಗಿ ಉಜ್ಜಿದಳು. ಬೆರಳು ಸುರಂಗ ದಾಟಿ ಎಡಕ್ಕೆ ಹೋಗಿ ನಿಂತಿತು.

“ಇಲ್ಲಿ ಕೂತಿದಾಳೆ,” ಎಂದಳು.

ನಾನು ಅರಗನ್ನು ಕಿಟಕಿಯ ಬಳಿ ಒಯ್ದು ಓರೆಯಾಗಿ ಹಿಡಿದು ಮಸೂರದಲ್ಲಿ ನೋಡಿದೆ. ಹೌದು, ಎಡಗಡೆ ಒಂದು ಸಣ್ಣ ಉಬ್ಬಿತ್ತು. ಆಕಾರವಿಲ್ಲ, ಮುಖವಿಲ್ಲ, ಬರೀ ಉಬ್ಬು. ಏನಾಗಿತ್ತೆಂದು ತಕ್ಷಣ ತಿಳಿಯಿತು. ಒಣಗಿದ ಪ್ಲಾಸ್ಟರಿಗೆ ಹೊಸದನ್ನು ತುಂಬುವ ಮೊದಲು ಹಳೆಯದನ್ನು ನೀರಿನಿಂದ ಚೆನ್ನಾಗಿ ತೋಯಿಸಬೇಕು. ಇಲ್ಲದಿದ್ದರೆ ಹಳೆಯದು ಹೊಸದರ ನೀರನ್ನು ಹೀರಿಕೊಂಡು, ಮೇಲ್ಮೈ ಸಮವಾಗಿ ನಿಲ್ಲುವುದಿಲ್ಲ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ತಿಂಗಳಲ್ಲೇ ನಾನು ಕಲಿಸುತ್ತಿದ್ದ ಪಾಠ ಅದು. ಆ ಸಂಜೆಯ ಅವಸರದಲ್ಲಿ ಮರೆತಿದ್ದೆ. ಕಣ್ಣಿಗೆ ಕಾಣದ ಉಬ್ಬು ಯಂತ್ರದ ಮುಳ್ಳಿಗೆ ಸಿಕ್ಕಿತ್ತು. ಆಮೇಲೆ ಅವಳ ಹೆಬ್ಬೆರಳಿಗೆ.

“ಅಲ್ವೇನ್ರೀ? ಇವಳೇ ತಾನೆ?”

“ಹೂಂ,” ಎಂದೆ.

“ಮುಖ ಮಾತ್ರ ಸಿಗ್ತಿಲ್ಲ ಬೆರಳಿಗೆ.”

“ಅಷ್ಟು ಚಿಕ್ಕದರಲ್ಲಿ ಮುಖ ಎಲ್ಲಿಂದ ತರಲಿ?”

“ಇರಲಿ ಬಿಡಿ. ಅಜ್ಜೀನೂ ತಲೆ ಬಗ್ಗಿಸ್ಕೊಂಡೇ ಕೂರ್ತಿದ್ದಳು.”

ಆ ಸಂಜೆ ಅವಳು ಎದ್ದು ಕೂತಳು. ತಂಗಿಗೆ ಫೋನು ಮಾಡಿದಳು. “ಕೂರಿಸಿಬಿಟ್ರು ಕಣೆ ನಿಮ್ಮ ಭಾವ! ಆ ಗುಡ್ಡದ ಹೆಂಗಸರು ಬೆಳ್ಳಿ ಆರಿಸಿ ಆರಿಸಿ ಸತ್ರು, ಒಬ್ಬಳ ಮೈಮೇಲೂ ಒಂದು ಗುಲಗಂಜಿ ಬೆಳ್ಳಿ ಇರಲಿಲ್ಲ. ಈಗ ನೋಡು, ಬೆಳ್ಳಿಯೊಳಗೇ ಕೂತಿದಾಳೆ,” ಎಂದಳು. ನಾನು ಪಕ್ಕದ ಕೋಣೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ.

ನಾಲ್ಕನೆಯ ದಿನ ತಪಾಸಣೆಯವನು ನನ್ನ ಕೋಣೆಗೆ ಬಂದ. ಅವನಿಗೆ ‘ಭೂತಗನ್ನಡಿ’ ಎಂದು ಅಡ್ಡಹೆಸರು. “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಸುರಂಗದ ಪಕ್ಕ ಏನೋ ಉಬ್ಬಿದೆ. ಸೊಳ್ಳೆ ಕಚ್ಚಿದ ಹಾಗೆ. ನಿಮ್ಮ ಕೆಲಸದಲ್ಲಿ ಇಂಥದ್ದು ನಾನು ನೋಡೇ ಇಲ್ಲ,” ಎಂದ. ಕನ್ನಡಿಯಂತೆ ಮೆರುಗು ಕೊಡುವ ನಾಣ್ಯದಲ್ಲಿ ಅಂಥ ಉಬ್ಬು ಎದ್ದು ಕಾಣುತ್ತದೆ. ಅವನು ಹೇಳಿದ್ದು ಸರಿ.

ಆಗಲೂ ಕಾಲ ಮಿಂಚಿರಲಿಲ್ಲ. ಸಾಹೇಬರ ಬಳಿ ಹೋಗಿ ನಡೆದದ್ದನ್ನು ಹೇಳಿದ್ದರೆ ಹೊಸ ಬಿಲ್ಲೆ ಮಾಡಲು ಅವರು ದಿನ ಕೊಡುತ್ತಿದ್ದರೋ ಏನೋ. ಕೇಳಲಿಲ್ಲ. ತಾಯಿಯಚ್ಚನ್ನು ಹಿಡಿಕೆಗೆ ಸಿಕ್ಕಿಸಿ, ಎಣ್ಣೆ ಹಾಕಿ, ಚಿಕ್ಕ ಸಾಣೆಕಲ್ಲಿನಿಂದ ಆ ಉಬ್ಬನ್ನು ಉಜ್ಜಲು ಕೂತೆ. ಅರ್ಧ ಗಂಟೆಯ ಕೆಲಸ. ಉಜ್ಜುತ್ತಾ ಹೋದಂತೆ ಅಡಿಗೆಮನೆಯ ಹೊಸ್ತಿಲಲ್ಲಿ ಸುತ್ತಿಗೆ ಹಿಡಿದು ಕೂತವಳು ಕಣ್ಣಿಗೆ ಕಟ್ಟಿದಳು. ಕೈ ಮಾತ್ರ ನಿಲ್ಲಲಿಲ್ಲ. ಅಭ್ಯಾಸದ ಕೈ. ಉಕ್ಕು ನುಣ್ಣಗಾಯಿತು. ಭೂತಗನ್ನಡಿ ಬಂದು ನೋಡಿ, “ಈಗ ನಿಮ್ಮ ಕೆಲಸ ಅನ್ನಿಸ್ತು,” ಎಂದ.

ಅವಳು ಆ ಅರಗನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಪ್ರಾರ್ಥನೆ ಮಾಡುವಾಗಲೂ ಅದು ಕೈಯಲ್ಲಿರುತ್ತಿತ್ತು. ಎರಡು ಸಲ ನಾನು ಹೇಳಲು ಹೋದೆ. ಒಂದು ಸಲ ಅವಳು ನಿದ್ದೆ ಹೋಗಿದ್ದಳು. ಇನ್ನೊಂದು ಸಲ ಎಚ್ಚರವಾಗಿದ್ದಳು, ನನ್ನ ಮುಖ ನೋಡಿ, “ಯಾಕ್ರೀ, ನೀವು ಊಟ ಮಾಡಿಲ್ವಾ?” ಎಂದಳು. ಎದ್ದು ಅಡಿಗೆಮನೆಗೆ ಹೋದೆ. ಕೊನೆಯ ವಾರ, “ಬೆಳ್ಳೀದು ಬಂದ ಮೇಲೆ ತಂಗಿಗೆ ತೋರಿಸಿ. ಅವಳ ಹೆಬ್ಬೆರಳು ನನ್ನದಕ್ಕಿಂತ ಚುರುಕು,” ಎಂದಳು.

ಗುರುವಾರ ನಾದಿನಿ ಹೇಳಿದ ಹೊತ್ತಿಗೆ ಬಂದಳು. ಚಪ್ಪಲಿ ಬಿಡುತ್ತಲೇ, “ಏನ್ ಭಾವ, ಇಷ್ಟು ಇಳಿದುಹೋಗಿದೀರಿ? ಅಕ್ಕ ನೋಡಿದ್ರೆ ನನ್ನನ್ನೇ ಬೈತಿದ್ದಳು,” ಎಂದಳು. ಅಕ್ಕನ ಖಾಲಿ ಮಂಚದ ಕಡೆ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, “ಎಲ್ಲಿ, ತೋರಿಸಿ,” ಎಂದಳು.

ನಾನು ಟಂಕಸಾಲೆಯವರು ಕಳಿಸಿದ್ದ ನೀಲಿ ಪೆಟ್ಟಿಗೆಯನ್ನೂ ಅರಗಿನ ಮಾದರಿಯನ್ನೂ ಮೇಜಿನ ಮೇಲಿಟ್ಟೆ. ಮೆರುಗಿನ ನಾಣ್ಯವನ್ನು ಅಂಚು ಹಿಡಿದೇ ಎತ್ತಬೇಕು. ಮೈಗೆ ಬೆರಳು ತಾಗಿದರೆ ಬೆವರಿನ ಗುರುತು ಉಳಿದು, ಕ್ರಮೇಣ ಕಪ್ಪಾಗಿ, ಬೆಳ್ಳಿಯನ್ನೇ ತಿನ್ನುತ್ತದೆ. ಯಾರಾದರೂ ಮುಟ್ಟಲು ಹೋದರೆ ನಾನು ಕೂಗಿಕೊಳ್ಳುತ್ತಿದ್ದ ಕಾಲವಿತ್ತು. ನಾದಿನಿ ನಾಣ್ಯವನ್ನು ಅಂಗೈಗೆ ಹಾಕಿಕೊಂಡು, ಹೆಬ್ಬೆರಳು ಒದ್ದೆ ಮಾಡಿ, ನನ್ನ ಕಣ್ಣೆದುರಿಗೇ ಉಜ್ಜಿದಳು. ನಾನು ತಡೆಯಲಿಲ್ಲ.

ಅವಳು ಎರಡು ಸಲ ಉಜ್ಜಿದಳು. ತಿರುಗಿಸಿ ನೋಡಿ ಮತ್ತೆ ಉಜ್ಜಿದಳು.

“ಎಡಗಡೆ ಅಂದಿದ್ದಳಲ್ಲ ಅಕ್ಕ?”

“ಹೌದು.”

“ಇಲ್ಲವಲ್ಲ ಭಾವ. ನನ್ನ ಬೆರಳೇ ಸತ್ತುಹೋಗಿದೆಯೋ ಏನೋ.”

ಆ ಕ್ಷಣದಲ್ಲಿ ಒಂದು ದಾರಿ ಕಂಡಿತು. ಬಹಳ ಚಿಕ್ಕದಮ್ಮ, ಮಸೂರದಲ್ಲಿ ನೋಡಿದರೆ ಮಾತ್ರ ಕಾಣುತ್ತಾಳೆ ಎಂದುಬಿಟ್ಟರೆ ಸಾಕಿತ್ತು. ಅವಳು ನಂಬುತ್ತಿದ್ದಳು. ತನ್ನ ಬೆರಳನ್ನು ಬೈದುಕೊಂಡು ಮನೆಗೆ ಹೋಗುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

“ನಿನ್ನ ಬೆರಳು ಸರಿಯಾಗಿದೆ,” ಎಂದೆ. “ಅಲ್ಲಿ ಯಾರೂ ಇಲ್ಲ.”

ಎಲ್ಲವನ್ನೂ ಹೇಳಿದೆ. ಚಾಕು, ಪ್ಲಾಸ್ಟರು, ಸಾಣೆಕಲ್ಲು. ಇತಿಹಾಸದವರು ಕೇಳಿದಾಗ ಏನು ಹೇಳಿದೆನೆಂಬುದಕ್ಕೆ ಬಂದಾಗ ಮಾತ್ರ ಅವಳು ಕೈ ಎತ್ತಿ ನಿಲ್ಲಿಸಿದಳು.

“ಜಾಗ ಸಾಲದು ಅಂದ್ರಾ?”

“ಅಂದೆ.”

“ಅವರೇ ಕೇಳಿದ್ರು. ವಾರ ಕೊಡ್ತೀನಿ ಅಂದ್ರು. ಆಗಲೂ?”

“ಆಗಲೂ.”

ಅವಳು ನಾಣ್ಯವನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಸುರಂಗದ ಎಡಕ್ಕೆ ನಯವಾದ ಬಯಲು. ಅದರಲ್ಲಿ ಕಿಟಕಿಯ ಬೆಳಕು ಬಿದ್ದು ಹೊಳೆಯುತ್ತಿತ್ತು. “ಇಷ್ಟು ಜಾಗ ಇದೆ ಭಾವ,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಅಕ್ಕನಿಗೆ ಗೊತ್ತಾಯ್ತಾ?”

“ಇಲ್ಲ. ಹೇಳೋಕಾಗಲಿಲ್ಲ.”

“ಹೇಳೋಕಾಗಲಿಲ್ಲವೋ, ಹೇಳಲಿಲ್ಲವೋ?”

“ಹೇಳಲಿಲ್ಲ.”

ಅವಳು ಅರಗನ್ನು ಕೈಗೆತ್ತಿಕೊಂಡು ಅದನ್ನೂ ಉಜ್ಜಿ ನೋಡಿದಳು. ಬೆರಳು ಎಡಕ್ಕೆ ಹೋಗಿ, ಅಕ್ಕನ ಬೆರಳು ನಿಂತಲ್ಲೇ ನಿಂತಿತು. ಆಗ ಅವಳು ಅತ್ತಳು. ನಾನು ನೀರು ತಂದು ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, “ಇದನ್ನ ನಾನು ತಗೊಂಡು ಹೋಗ್ತೀನಿ,” ಎಂದಳು.

ಅದು ನನ್ನ ಹೆಂಡತಿಯ ಕೈಯಲ್ಲಿ ಕೊನೆಯವರೆಗೂ ಇದ್ದದ್ದು. ಕೊಡಲು ಮನಸ್ಸಿರಲಿಲ್ಲ. ಆದರೆ ಬೇಡ ಎನ್ನುವ ಅಧಿಕಾರವೂ ನನಗಿರಲಿಲ್ಲ. ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗಿಟ್ಟುಕೊಂಡಳು. ಬಾಗಿಲವರೆಗೆ ಹೋದೆ. ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ನೋಡದೆಯೇ, “ಹೊತ್ತು ಹೊತ್ತಿಗೆ ಊಟ ಮಾಡಿ ಭಾವ,” ಎಂದಳು. ಮತ್ತೆ ಯಾವಾಗ ಬರುತ್ತೇನೆಂದು ಹೇಳಲಿಲ್ಲ.

ಒಳಗೆ ಬಂದು ನೋಡಿದರೆ ನಾಣ್ಯ ಮೇಜಿನ ಮೇಲೆ ತೆರೆದೇ ಬಿದ್ದಿತ್ತು. ಸುರಂಗದ ಪಕ್ಕದ ಬಯಲಿನಲ್ಲಿ ಅವಳ ಹೆಬ್ಬೆರಳಿನ ಗುರುತು ಮಂಕಾಗಿ ಮೂಡಿತ್ತು. ಮೆತ್ತನೆಯ ಬಟ್ಟೆಯಿಂದ ಆಗಲೇ ಒರೆಸಿದರೆ ಹೋಗುತ್ತದೆ. ಒಂದೆರಡು ದಿನ ಬಿಟ್ಟರೆ ಹೋಗುವುದಿಲ್ಲ. ಬೆಳ್ಳಿ ಅದನ್ನು ಹಿಡಿದುಕೊಳ್ಳುತ್ತದೆ, ವರ್ಷದೊಳಗೆ ಕಪ್ಪಗಾಗುತ್ತದೆ.

ಬಟ್ಟೆ ಮೇಜಿನ ಸೆಳೆಖಾನೆಯಲ್ಲೇ ಇತ್ತು. ತೆಗೆಯಲಿಲ್ಲ. ನಾಣ್ಯವನ್ನು ಅಂಚು ಹಿಡಿದು ಎತ್ತಿ, ದೇವರ ದೀಪದ ಪಕ್ಕ, ಹೆಂಡತಿ ಹೋದ ಮೇಲೆ ಅರಗನ್ನು ಇಟ್ಟಿದ್ದ ಜಾಗದಲ್ಲಿ ಇಟ್ಟೆ. ಪ್ರಾರ್ಥನೆಗೆ ಕೂತೆ. ಏನು ಬೇಡಿಕೊಳ್ಳಬೇಕೆಂದು ತಿಳಿಯದೆ, ನಡೆದದ್ದನ್ನು ಮೊದಲಿನಿಂದ ಇನ್ನೊಂದು ಸಲ ಹೇಳಿದೆ.